ಹನ್ನೆರಡು ಸೊಂಟಕ್ಕೆ ಒಂದು ಬೆಲ್ಟು

ಮೂಳೆ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಸಿಮೆಂಟ್ ಗೋದಾಮಿನ ಇಬ್ಬರು ಹಮಾಲರು ಕೂತಿದ್ದರು. ಹಿರಿಯವನ ಕೈ ಸೊಂಟದ ಮೇಲೇ ಇತ್ತು.

“ಮಂಡಿ ಬಗ್ಗಿಸಿ ಮೂಟೆ ಎತ್ತಬೇಕಂತೆ ಕಣೋ. ನಿನ್ನೆ ನಮ್ಮ ಗೋದಾಮಿನ ಸಾಹೇಬ್ರು ಎತ್ತಿ ತೋರಿಸಿದ್ರು.”

“ಮೂಟೆನಾ?”

“ಖಾಲಿ ರಟ್ಟಿನ ಡಬ್ಬ. ಅಷ್ಟಕ್ಕೇ ಏದುಸಿರು ಬಿಟ್ರು.”

“ಥೂ! ಹುಲ್ಲುಕಡ್ಡಿ ಎತ್ತಿಡದೋರು ದಿನಕ್ಕೆ ಮುನ್ನೂರು ಮೂಟೆ ಹೊರೋರಿಗೆ ಪಾಠ ಹೇಳ್ತಾರೆ. ಹನ್ನೆರಡು ಜನಕ್ಕೆ ಅಂತ ಒಂದು ಸೊಂಟದ ಬೆಲ್ಟ್ ತಂದಿದ್ರಲ್ಲಣ್ಣ, ಅದನ್ನಾದ್ರೂ ಕಟ್ಕೋಬಾರದಾ?”

“ಫೋಟೋಕ್ಕೆ ಅಂತ ನನಗೆ ಕಟ್ಟಿದ್ರು. ಫೋಟೋ ಆದ ತಕ್ಷಣ ಬಿಚ್ಚಿಸ್ಕೊಂಡ್ರು.”

“ಈಗ ಯಾರ ಹತ್ರ ಇದೆ?”

ಒಳಗಿಂದ ಕರೆ ಬಂತು. ಹಿರಿಯವನು ಗೋಡೆ ಹಿಡಿದು ಎದ್ದ.

“ಸಾಹೇಬ್ರೇ ಕಟ್ಕೊಂಡಿದ್ದಾರೆ. ಕುರ್ಚಿಲಿ ಕೂತೂ ಕೂತೂ ಸೊಂಟ ಬಿದ್ದುಹೋಗಿದೆಯಂತೆ, ಪಾಪ!”