ಎಡ ಚಕ್ರದ ನಟ್ಟಿನ ಬಗ್ಗೆ ನನ್ನ ಎರಡನೇ ಹೇಳಿಕೆ

ಊರಲ್ಲಿ ಚಕ್ರದಕ್ಕ ಎಂದೇ ಕರೆಸಿಕೊಳ್ಳುವ ನಾನು, ವಯಸ್ಸು 46 ವರ್ಷ, ಕಸುಬು ಕಾರುಗಳ ಚಕ್ರ, ಹಬ್ ಮತ್ತು ಬೇರಿಂಗ್ ರಿಪೇರಿ, ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೇ ಗ್ಯಾರೇಜಿನ ಮೇಲಿನ ಮಹಡಿ, ಯಾರೂ ಕರೆಯದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಈ ತಿಂಗಳ 14ನೇ ತಾರೀಕು ಮಧ್ಯಾಹ್ನ 12.52ಕ್ಕೆ ಹೆದ್ದಾರಿಯಲ್ಲಿ ಬಾಡಿಗೆ ಕಾರೊಂದರ ಎಡ ಮುಂಚಕ್ರ ಕಳಚಿ ನನ್ನ ತಮ್ಮ, ವಯಸ್ಸು 38, ತೀರಿಕೊಂಡ. ಅದೇ ಸಂಜೆ 5.30ಕ್ಕೆ ಆಸ್ಪತ್ರೆಯ ಮೆಟ್ಟಿಲ ಬಳಿ ಇದೇ ಠಾಣೆಯವರು ನನ್ನ ಮೊದಲ ಹೇಳಿಕೆ ಬರೆದುಕೊಂಡರು. ಎಡಗಡೆಯ ಚಕ್ರ ಹಾಕಿದವರು ಯಾರು ಎಂದು ಕೇಳಿದರು. ನನ್ನ ತಮ್ಮ ಎಂದೆ. ಅದರಲ್ಲಿ ಸುಳ್ಳಿಲ್ಲ. ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಬಾಯಿ ಮುಚ್ಚಿಕೊಂಡೆ, ಅಷ್ಟೇ. ಉಳಿದದ್ದನ್ನು ಒಂಬತ್ತು ದಿನ ತಡವಾಗಿ ಇವತ್ತು ಹೇಳುತ್ತಿದ್ದೇನೆ.

ಸದರಿ ದಿನ ಬೆಳಗ್ಗೆ 7.40ಕ್ಕೆ ಕಾರಿನ ಚಾಲಕರು ಗ್ಯಾರೇಜಿಗೆ ಬಂದರು. ಎದುರಿಗೆ ನೊಣ ಬಂದರೂ ಹಾರ್ನ್ ಹೊಡೆಯುವ ಇವರನ್ನು ನಾವೆಲ್ಲ ಹಾರ್ನ್ ಮಾಮ ಎನ್ನುತ್ತೇವೆ. ವಯಸ್ಸು ಐವತ್ತೈದರ ಮೇಲೆ. ಗಾಡಿ ಅರವತ್ತರ ವೇಗ ದಾಟಿದರೆ ಮುಂದುಗಡೆ ಗುಂಯ್ ಎಂಬ ಸದ್ದು ಬರುತ್ತಿದೆ, ಹೊಸ ಟೈರ್ ಹಾಕಿಸಿದರೂ ಹೋಗಲಿಲ್ಲ ಎಂದರು. ಮಧ್ಯಾಹ್ನ ಎರಡು ಗಂಟೆಗೆ ಎಪ್ಪತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ವಯಸ್ಸಾದ ದಂಪತಿಯನ್ನು ಕರೆತರಬೇಕು, ಹನ್ನೊಂದೂಮುಕ್ಕಾಲಿಗೆ ಹೊರಡಲೇಬೇಕು ಎಂದೂ ಹೇಳಿದರು. ಬೇರಿಂಗ್ ಹಾಳಾದವರೆಲ್ಲ ಹೀಗೆ ತುದಿಗಾಲಿನಲ್ಲಿ ನಿಂತುಕೊಂಡೇ ಬರುತ್ತಾರೆ.

ನಾನೇ ಗಾಡಿ ಓಡಿಸಿಕೊಂಡು ನೀರಿನ ಟ್ಯಾಂಕಿನವರೆಗೆ ನಾಲ್ಕು ಕಿಲೋಮೀಟರ್ ಹೋಗಿ ಬಂದೆ. ಗೇರ್ ತಪ್ಪಿಸಿದರೂ ಸದ್ದು ನಿಲ್ಲಲಿಲ್ಲ, ಆದ್ದರಿಂದ ಅದು ಎಂಜಿನ್ನಿನದಲ್ಲ. ಸ್ಟೀರಿಂಗ್ ಎಡಕ್ಕೆ ಎಳೆದಾಗ ಗಾಡಿಯ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾಯಿತು. ಬಲಕ್ಕೆ ಎಳೆದಾಗಲೂ ಸ್ವಲ್ಪ ಇತ್ತು. ವಾಪಸ್ ಬಂದು ಜಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದೆ. ಬಲಗಡೆ ಕಟಕಟ ಎಂದಿತು. ಒಂದು ಕೈ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದರಲ್ಲಿ ಚಕ್ರ ತಿರುಗಿಸಿದರೆ ಒಳಗೆ ಮರಳು ಅರೆದಂತೆ ಬೆರಳಿಗೆ ತಿಳಿಯುತ್ತಿತ್ತು. ಎಡಗಡೆಯದೂ ದಿನ ಎಣಿಸುತ್ತಿತ್ತು. ಎರಡನ್ನೂ ಬದಲಿಸಬೇಕು ಎಂದೆ.

ಮಳೆ ನೀರು ನಿಂತ ರಸ್ತೆಯಲ್ಲಿ ಗಾಡಿ ಇಳಿಸಿದ್ದಿರಾ ಎಂದು ಹಾರ್ನ್ ಮಾಮನನ್ನು ಕೇಳಿದೆ. ಎರಡು ತಿಂಗಳ ಹಿಂದೆ ಚಕ್ರದ ನಡುವಿನವರೆಗೆ ನೀರಿನಲ್ಲಿ ಹೋಗಿದ್ದಾಗಿಯೂ, ಆಮೇಲೆ ಕೆಸರು ಹೋಗಲೆಂದು ಜೋರು ಪೈಪಿನಿಂದ ಅಲ್ಲಿಗೇ ನೀರು ಹೊಡೆಸಿದ್ದಾಗಿಯೂ ಒಪ್ಪಿಕೊಂಡರು. ಸೀಲ್ ದಾಟಿ ನೀರು ಹೋದರೆ ಗ್ರೀಸ್ ತೊಳೆದುಹೋಗಿ ಬೇರಿಂಗ್ ಒಣಗುತ್ತದೆ ಎಂದು ಅವರಿಗೆ ಹತ್ತು ನಿಮಿಷ ಬೈದೆ. ಆಗ ಗ್ಯಾರೇಜಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ನನ್ನ ತಮ್ಮ ಪಕ್ಕದಲ್ಲಿ ನಿಂತು, ಮಾಮ, ಇವತ್ತು ಪಾಠ ಕೇಳದೆ ಗಾಡಿ ಸಿಗುವುದಿಲ್ಲ ಎಂದು ನಕ್ಕ. ನಮಗೆ ಅವತ್ತಿನ ದಿನ ಶುರುವಾಗಿದ್ದು ಹಾಗೆ.

ಇಲ್ಲಿ ನಮ್ಮ ಗ್ಯಾರೇಜಿನ ಎರಡು ಪದ್ಧತಿಗಳನ್ನು ಬರೆಸಲೇಬೇಕು. ಚಕ್ರವನ್ನು ಹೊತ್ತು ತಿರುಗುವ ಹಬ್ಬಿನ ನಡುವೆ ಒಂದು ದೊಡ್ಡ ನಟ್ ಇರುತ್ತದೆ. ಬೇರಿಂಗನ್ನು ಒತ್ತಿ ಹಿಡಿಯುವುದು ಅದೇ. ಅದನ್ನು ಬಿಗಿ ಅಳೆಯುವ ಅಳತೆಯ ಸ್ಪ್ಯಾನರಿನಲ್ಲಿ, ಈ ಕಾರಿಗಾದರೆ ಬಿಗಿಯ ಅಂಕಿ 220ಕ್ಕೆ ಇಟ್ಟು, ಟಕ್ ಎನ್ನುವವರೆಗೆ ಎಳೆಯಬೇಕು. ಸಡಿಲವಾದರೆ ಚಕ್ರ ಕಳಚುತ್ತದೆ, ಅತಿಯಾದರೆ ಬೇರಿಂಗ್ ಸುಡುತ್ತದೆ. ಆಮೇಲೆ ನಟ್ಟಿನ ಅಂಚನ್ನು ಉಳಿಯಿಂದ ಬಡಿದು ತಗ್ಗು ಮಾಡಿ ಅದು ತಿರುಗದಂತೆ ಮಾಡಬೇಕು. ಇದಿಷ್ಟೂ ನನ್ನ ಕೆಲಸ. ಮುಗಿದ ಮೇಲೆ ನಟ್ಟಿನಿಂದ ಹಬ್ಬಿನವರೆಗೆ ಹಳದಿ ಬಣ್ಣದ ಪೆನ್ನಿನಲ್ಲಿ ನಾನು ಒಂದು ಗೀಟು ಎಳೆಯುತ್ತೇನೆ. ಗೀಟು ಕಂಡರೆ ನನ್ನ ತಮ್ಮ ಚಕ್ರ ಹಾಕಿ, ನಟ್ಟಿನ ಮೇಲೆ ಮುಚ್ಚಳ ಹಾಕಿ, ಗಾಡಿ ಇಳಿಸುತ್ತಿದ್ದ.

ಮೂರು ವರ್ಷದ ಹಿಂದೆ ಗೀಟು ಎಳೆದಿದ್ದ ನಟ್ಟನ್ನು ತಮ್ಮ ಇರಲಿ ಎಂದು ಇನ್ನೊಂದು ಸಲ ಉದ್ದ ಪೈಪ್ ಹಾಕಿ ಎಳೆದಿದ್ದ. ಎಂಟೇ ದಿನಕ್ಕೆ ಬೇರಿಂಗ್ ಸುಟ್ಟು ನೀಲಿಯಾಗಿ ವಾಪಸ್ ಬಂತು. ನಾಲ್ಕು ಜನ ಗಿರಾಕಿಗಳ ಎದುರಿಗೆ ನಾನು ಅವನ ಮಾನ ಕಳೆದೆ. ಆಗ ನಾನು ಹೇಳಿದ್ದು ಇಷ್ಟು: "ನನ್ನ ಗೀಟು ಬಿದ್ಮೇಲೆ ನಿನ್ನ ಕೈ ಅಲ್ಲಿಗೆ ಹೋಗ್ಬಾರ್ದು. ಕಣ್ಣೂ ಹೋಗ್ಬಾರ್ದು." ಅವನು ಕೈ ಒರೆಸಿಕೊಂಡು ಒಳಗೆ ಹೋದ. ಅವತ್ತಿನಿಂದ ಅವನ ಕೈ ಹೋಗಿಲ್ಲ.

ಎರಡನೆಯ ಪದ್ಧತಿ ಅವನದು. ಚಕ್ರ ಹಾಕಿದವನು ಮೊದಲ ದೂರದ ಓಟಕ್ಕೆ ಗಾಡಿಯಲ್ಲೇ ಕೂತು ಹೋಗಬೇಕು ಎಂದು ಅವನೇ ಮಾಡಿಕೊಂಡದ್ದು. ಪುಕ್ಕಟೆ ಸವಾರಿಯ ಚಪಲ ಎಂದು ನಾನು ಅವನನ್ನು ಆಡಿಕೊಳ್ಳುತ್ತಿದ್ದೆ. ಗಿರಾಕಿಗಳು ಆ ಒಂದು ಕಾರಣಕ್ಕೇ ಬೇರೆ ಗ್ಯಾರೇಜಿಗೆ ಹೋಗುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು.

ಸದರಿ ದಿನ 10.15ಕ್ಕೆ ಬಲಗಡೆಯ ಕೆಲಸ ಮುಗಿಯಿತು. ಬ್ರೇಕ್ ಪೆಡಲಿಗೆ ಕೋಲು ಕೊಟ್ಟು ಒತ್ತಿಟ್ಟು ನಾನು ನಟ್ ಎಳೆದೆ, ಬಡಿದೆ, ಗೀಟು ಹಾಕಿದೆ. ಅಳತೆಯ ಸ್ಪ್ಯಾನರನ್ನು ಬಲಗಡೆ ನೆಲದ ಮೇಲೆ ಬಟ್ಟೆ ಹಾಸಿ ಇಟ್ಟೆ. ಎಡಗಡೆಗೆ ಬಂದು ಹೊಸ ಬೇರಿಂಗ್ ಕೂರಿಸಿ, ಹೊಸ ನಟ್ ಹಾಕಿ, ಸಣ್ಣ ಸ್ಪ್ಯಾನರಿನಲ್ಲಿ ಕೈಬಿಗಿಗೆ ತಿರುಗಿಸಿದಾಗ 11.05. ತಮ್ಮ ಹಿಂದಿನ ನಲ್ಲಿಯ ಹತ್ತಿರ ಚಕ್ರದ ಬೋಲ್ಟುಗಳನ್ನು ತೊಳೆಯುತ್ತಿದ್ದ.

ಆಗ ಬಿಡಿಭಾಗದ ಅಂಗಡಿಯವರು ಬಾಗಿಲಿಗೆ ಬಂದರು. ಏನು ಕೇಳಿದರೂ ನಾಳೆ ಬರುತ್ತದೆ ಎನ್ನುವುದರಿಂದ ಇವರ ಹೆಸರು ನಾಳೆ ಸಾಹುಕಾರ. ಹಿಂದಿನ ವಾರ ಅವರು ಕೊಟ್ಟ ಬೇರಿಂಗ್ ಬೇರೆ ಗಾಡಿಯದು, ವಾಪಸ್ ತೆಗೆದುಕೊಳ್ಳಿ ಎಂದು ನಾನು ಹೇಳಿಕಳಿಸಿದ್ದೆ. ಪೊಟ್ಟಣ ಒಡೆದಿದೆ, ಆಗುವುದಿಲ್ಲ ಎಂದು ಅವರು ಅಲ್ಲೇ ನಿಂತು ವಾದಿಸಿದರು. ನಾನು ಕೂತಲ್ಲಿಂದಲೇ ಉತ್ತರ ಕೊಟ್ಟೆ. ಒಡೆಯದೆ ಒಳಗೇನಿದೆ ಎಂದು ನೋಡಲು ನನಗೇನು ದಿವ್ಯದೃಷ್ಟಿ ಇದೆಯೇ ಎಂದೆ. ಹಾಗೆನ್ನುತ್ತಲೇ ಜೇಬಿನಿಂದ ಪೆನ್ನು ತೆಗೆದು ಎಡಗಡೆಯ ನಟ್ಟಿನ ಮೇಲೆ ಗೀಟು ಎಳೆದೆ. ಇಪ್ಪತ್ತೆರಡು ವರ್ಷ ಮಾಡಿದ ಕೈ. ಬಾಯಿ ಜಗಳದಲ್ಲಿತ್ತು, ಕೈ ತನ್ನ ಪಾಡಿಗೆ ಎಳೆಯಿತು. ಎಳೆದದ್ದು ನನ್ನ ಕಣ್ಣಿಗೆ ಕಾಣಿಸಿತು. ಮನಸ್ಸಿಗೆ ಹೋಗಲಿಲ್ಲ.

ಎದ್ದು ಆ ಬೇರಿಂಗ್ ಹಿಡಿದುಕೊಂಡು ಅವರ ಹಿಂದೆಯೇ ಅವರ ಅಂಗಡಿಗೆ, ಅಂದರೆ ಗ್ಯಾರೇಜಿನಿಂದ ಸುಮಾರು 150 ಮೀಟರ್, ಹೋದೆ. ಜಗಳ ಗೆದ್ದು ಬಂದಾಗ 11.30. ಅಷ್ಟರಲ್ಲಿ ತಮ್ಮ ಎಡ ಚಕ್ರ ಹಾಕಿ, ಮುಚ್ಚಳ ಹಾಕಿ, ಗಾಡಿ ಇಳಿಸಿ, ಕೈ ತೊಳೆದು ಬೇರೆ ಅಂಗಿ ಹಾಕಿಕೊಂಡಿದ್ದ. ಆಯಿತೇ ಎಂದು ಕೇಳಿದೆ. ಆಯಿತು ಎಂದ. ನಾನು ಕೇಳಿದ್ದು ಚಕ್ರದ ಬಗ್ಗೆ. ಅವನು ಹೇಳಿದ್ದೂ ಚಕ್ರದ ಬಗ್ಗೆಯೇ. ನಟ್ಟಿನ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. 11.50ಕ್ಕೆ ಹಾರ್ನ್ ಮಾಮ ಗಾಡಿ ತೆಗೆದರು. ತಮ್ಮ ಮುಂದಿನ ಎಡ ಸೀಟಿನಲ್ಲಿ ಕೂತಿದ್ದ. ನಾಳೆ ಸಾಹುಕಾರರ ಮುಖ ಹೇಗಾಗಿತ್ತು ಎಂದು ಕಿಟಕಿಯಿಂದ ಕೇಳಿದ. ಸಂಜೆ ಹೇಳುತ್ತೇನೆ ಹೋಗು ಎಂದೆ.

12.20ಕ್ಕೆ ಉಪಕರಣ ಎತ್ತಿಡುವಾಗ ಅಳತೆಯ ಸ್ಪ್ಯಾನರ್ ಬಲಗಡೆಯ ಬಟ್ಟೆಯ ಮೇಲೆಯೇ ಇರುವುದನ್ನು ಕಂಡೆ. ಅದು ಎಡಗಡೆಗೆ ಬಂದೇ ಇರಲಿಲ್ಲ. ಫೋನ್ ಕೈಗೆ ತೆಗೆದುಕೊಂಡೆ. ಇದನ್ನು ಹಾಗೆಯೇ ಬರೆಯಬೇಕು ಎಂದು ಬರೆದುಕೊಳ್ಳುತ್ತಿರುವವರನ್ನು ಕೇಳಿಕೊಂಡಿದ್ದೇನೆ. ನಾನು ಫೋನ್ ಮಾಡಲಿಲ್ಲ. ನಾನೇ ಎಡಗಡೆಗೆ ತಂದು ಎಳೆದು ವಾಪಸ್ ಇಟ್ಟಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ, ಅವನು ನೋಡಿಯೇ ಇರುತ್ತಾನೆ ಎಂದುಕೊಂಡೆ. ನಾಲ್ಕು ಜನರ ಎದುರಿಗೆ ಅಷ್ಟು ಮಾತಾಡಿದವಳು ಈಗ ಫೋನ್ ಮಾಡಿ ನಾನು ಮರೆತೆ ಎನ್ನುವುದು ಹೇಗೆ ಎಂಬುದೂ ಮನಸ್ಸಿನಲ್ಲಿತ್ತು. ಅದೇ ಹೆಚ್ಚಾಗಿತ್ತು. ಅಷ್ಟರಲ್ಲಿ ಒಬ್ಬ ಹೆಂಗಸು ಪಂಕ್ಚರ್ ಆದ ಸ್ಕೂಟರ್ ತಳ್ಳಿಕೊಂಡು ಬಂದರು. ಅದನ್ನು ತೆಗೆದುಕೊಂಡು ಕೂತೆ. ಒಂದಲ್ಲ, ಎರಡು ತೂತು ಇತ್ತು. ಎರಡಕ್ಕೂ ನಿಧಾನವಾಗಿ ತೇಪೆ ಹಾಕಿದೆ.

12.57ಕ್ಕೆ ತಮ್ಮನಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಐದು ಸಲ ಮಾಡಿದೆ. ಆರನೇ ಸಲ ಬೇರೆ ಯಾರೋ ಎತ್ತಿ, ನೀವು ಇವರಿಗೆ ಏನಾಗಬೇಕು ಎಂದು ಕೇಳಿದರು.

ಗ್ಯಾರೇಜಿನಿಂದ 44 ಕಿಲೋಮೀಟರ್ ದೂರದಲ್ಲಿ, ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಚಕ್ರ ಹೊರಕ್ಕೆ ವಾಲಿ ಕಾರು ಎಡಗಡೆಯ ಕಾಂಕ್ರೀಟ್ ಗೋಡೆಗೆ ಬಡಿದಿದೆ. ಗಾಡಿ ತಪಾಸಣೆ ಮಾಡಿದ ಅಧಿಕಾರಿಗಳು ನಟ್ ಕಳಚಿ ಮುಚ್ಚಳದೊಳಗೇ ಬಿದ್ದಿತ್ತು, ಮೃತ ಮೆಕ್ಯಾನಿಕ್ ಅದನ್ನು ಬಿಗಿ ಮಾಡದಿದ್ದದ್ದೇ ಕಾರಣ ಎಂದು ಬರೆದಿದ್ದಾರೆಂದು ತಿಳಿಯಿತು. ಆ ನಟ್ ಠಾಣೆಯಲ್ಲೇ ಇದೆ. ತೆಗೆದು ನೋಡಿ. ಅದರ ಮೇಲೆ ಹಳದಿ ಗೀಟಿನ ಅರ್ಧ ಇರುತ್ತದೆ, ಅಂಚಿನಲ್ಲಿ ಉಳಿಯ ಪೆಟ್ಟು ಇರುವುದಿಲ್ಲ. ಬಗ್ಗಿ ನೋಡಿದ್ದರೆ ತಮ್ಮನಿಗೆ ಅದು ತಿಳಿಯುತ್ತಿತ್ತು. ನೋಡಬಾರದೆಂದು ನಾನೇ ಹೇಳಿದ್ದೆ.

20ನೇ ತಾರೀಕು ಬೆಳಗ್ಗೆ 11 ಗಂಟೆಗೆ ನಾನೂ ತಮ್ಮನ ಹೆಂಡತಿಯೂ ಹಾರ್ನ್ ಮಾಮನನ್ನು ನೋಡಲು ಆಸ್ಪತ್ರೆಗೆ ಹೋದೆವು. ತಮ್ಮನ ಹೆಂಡತಿ ಶಾಲೆಯಲ್ಲಿ ಗುಮಾಸ್ತೆ, ಅಳೆದು ತೂಗಿ ಮಾತಾಡುವವಳು. ಮಾಮನ ಎರಡೂ ಕಾಲಿಗೆ ಕಟ್ಟು ಹಾಕಿದ್ದರು. ಅವಳು ಅವರ ಹಾಸಿಗೆಯ ಪಕ್ಕ ನಿಂತು, "ನಮ್ಮೋರ ತಪ್ಪಿಂದ ನಿಮಗೆ ಹೀಗಾಯ್ತು, ಮನಸ್ಸಲ್ಲಿ ಇಟ್ಕೋಬೇಡಿ" ಎಂದು ಕೈ ಮುಗಿದಳು. ನಾನು ಪಕ್ಕದಲ್ಲೇ ಇದ್ದೆ. ನೆಲ ಬಾಯಿ ಬಿಡಬಾರದೇ ಎನಿಸಿತು, ಆದರೂ ನಾನು ಬಾಯಿ ಬಿಡಲಿಲ್ಲ.

ಮಾಮ ಅತ್ತರು. ಸೇತುವೆಗೆ ನಾಲ್ಕು ಕಿಲೋಮೀಟರ್ ಮೊದಲೇ ಚಕ್ರದಲ್ಲಿ ಕಟಕಟ ಶುರುವಾಗಿದ್ದಾಗಿಯೂ, ನನ್ನ ತಮ್ಮ ವೇಗ ಇಳಿಸಲು ಹೇಳಿ, ರಸ್ತೆ ಅಗಲ ಇರುವ ಕಡೆ ನಿಲ್ಲಿಸಿ ನೋಡೋಣ ಎಂದಿದ್ದಾಗಿಯೂ ಹೇಳಿದರು. ಕೊನೆಗೆ ಅವನು ಒಂದೇ ಮಾತನ್ನು ಎರಡು ಮೂರು ಸಲ ತನ್ನಷ್ಟಕ್ಕೆ ಅಂದುಕೊಂಡನಂತೆ: "ಇದು ನಟ್ಟಿನ ಸದ್ದಾಗಿರಲ್ಲ, ಅಕ್ಕನ ಗುರುತಿತ್ತಲ್ಲ."

ಬಸ್ಸಿನಲ್ಲಿ ವಾಪಸ್ ಬರುವಾಗ ತಮ್ಮನ ಹೆಂಡತಿ ಅದು ಯಾವ ಗುರುತು ಎಂದು ನನ್ನನ್ನು ಕೇಳಿದಳು. ಗೊತ್ತಿಲ್ಲ ಎಂದೆ. ಮೊದಲ ಹೇಳಿಕೆಯಲ್ಲಿ ನಾನು ಸುಳ್ಳು ಹೇಳಿರಲಿಲ್ಲ. ಬಸ್ಸಿನಲ್ಲಿ ಹೇಳಿದೆ.

ಇವತ್ತು ಇದನ್ನೆಲ್ಲ ಬರೆಸಲು ಕೂತಾಗ ಠಾಣಾಧಿಕಾರಿಗಳು ಪೆನ್ನು ಕೆಳಗಿಡಿಸಿ ನನ್ನನ್ನು ಹೊರಗೆ ಕರೆದು, ಸತ್ತವರ ಮೇಲೆ ಕೇಸು ನಿಲ್ಲುವುದಿಲ್ಲ, ಇನ್ನೊಂದು ವಾರದಲ್ಲಿ ಫೈಲು ಮುಚ್ಚುತ್ತದೆ, ಇರುವವರಾದರೂ ನೆಮ್ಮದಿಯಾಗಿರಲಿ, ಯಾಕಮ್ಮಾ ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನನ್ನ ತಮ್ಮ ಹದಿನೈದು ವರ್ಷದಲ್ಲಿ ಒಂದೇ ಒಂದು ಚಕ್ರವನ್ನೂ ಸಡಿಲ ಬಿಟ್ಟವನಲ್ಲ. ಈಗ ಊರಿನ ಪ್ರತಿ ಗ್ಯಾರೇಜಿನಲ್ಲೂ ನಟ್ ಬಿಗಿ ಮಾಡದೆ ಸತ್ತವನು ಎಂದು ಅವನನ್ನು ಎತ್ತಿ ತೋರಿಸುತ್ತಿದ್ದಾರೆ. ಅವನ ಹೆಂಡತಿಯೂ ಹಾಗೆಯೇ ನಂಬಿದ್ದಾಳೆ. ಇದನ್ನು ಬರೆಸಿದ್ದರಿಂದ ಅವನು ಬರುವುದಿಲ್ಲ, ನನಗೂ ಹಗುರವಾಗುವುದಿಲ್ಲ. ಬರೆಸುತ್ತಾ ಬಂದಂತೆ ಇನ್ನೂ ಭಾರವೇ ಆಗುತ್ತಿದೆ. ಆದರೂ ಬರೆಯಿರಿ ಎಂದೆ.

ತಮ್ಮನ ಹೆಂಡತಿ ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ. ಅವನ ಬಟ್ಟೆ, ಕೈಗಡಿಯಾರ ಬಿಡಿಸಿಕೊಳ್ಳಲು ಸಹಿ ಬೇಕಂತೆ ಎಂದು ಹೇಳಿ ಕರೆತಂದಿದ್ದೇನೆ. ನಾನು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ ಎಂದು ಇವತ್ತು ಬೆಳಗ್ಗೆ ಅವಳೇ ತಟ್ಟೆ ಹಿಡಿದು ಕೂತು ನನಗೆ ತುತ್ತು ಮಾಡಿ ತಿನ್ನಿಸಿದಳು. ಈ ಹೇಳಿಕೆಯನ್ನು ಅವಳಿಗೆ ನೀವೇ ಓದಿ ಹೇಳಬಹುದೇ ಎಂದು ಕೇಳಿದೆ. ಅದು ಠಾಣೆಯ ಕೆಲಸವಲ್ಲ ಎಂದರು. ಸಹಿ ಹಾಕಿದ ಮೇಲೆ ನಾನೇ ಹೋಗಿ ಹೇಳುತ್ತೇನೆ.

ಮೇಲೆ ಬರೆದದ್ದನ್ನು ನನಗೆ ಮೊದಲಿಂದ ಕೊನೆಯವರೆಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ, ಯಾರೂ ಹೇಳಿಸಿದ್ದಲ್ಲ. 14ರ ನನ್ನ ಹೇಳಿಕೆಯ ಜಾಗದಲ್ಲಿ ಇದನ್ನು ಇಡಬೇಕೆಂದು ಕೋರುತ್ತೇನೆ.

ಸ್ಥಳ: ಠಾಣೆ, ಬರಹಗಾರರ ಕೋಣೆ
ದಿನಾಂಕ: ಈ ತಿಂಗಳ 23, ಬೆಳಗ್ಗೆ 11.40

ಸಹಿ
(ಮೃತನ ಅಕ್ಕ)