ಹಳದಿ ಗೆರೆಯ ಒಳಗೆ

ಕದ ಹಾಕ್ಕೊಂಡು ಹತ್ತಿರ ಕೂತ್ಕೊಳ್ಳಿ. ಮೆಲ್ಲಗೆ ಹೇಳ್ತೀನಿ... ಗೋಡೆಯಾಚೆ ಅವನೇ ಮಲಗಿದ್ದಾನೆ. ಕೇಳಿಸ್ಕೊಂಡ್ರೆ ಪಾಪ, ನಾಳೆಯೆಲ್ಲ ತಲೆ ಎತ್ತೋದಿಲ್ಲ.

ನಮ್ಮ ಚಿಕ್ಕಪ್ಪನ ಮಗ ಯೋಗೇಶನಿಗೆ ಆದದ್ದು ಇದು. ಇತ್ತಲಾರಿನ ಕೊನೇ ಬಸ್ಸಿಳಿದು ನಡೆದು ಬಂದ್ರೆ ನೀಲಗಿರಿ ಮರಗಳ ಕೆಳಗೊಂದು ಒರತೆ ಸಿಗುತ್ತಲ್ಲ, ಅದರಾಚೆ ಮುಚ್ಚಿಹೋದ ಟೀ ಫ್ಯಾಕ್ಟರಿ. ಅಲ್ಲೇ ಇತ್ತು ಅವನ ಡಾಕ್ಟರೇಟ್ ಕೆಲಸ. ಮನುಷ್ಯರೇ ಬೇಡದ ಕಾರ್ಖಾನೆ ಮಾಡಿ ತೋರಿಸ್ತೀನಿ ಅಂತ ಹೊರಟಿದ್ದ. ಉಕ್ಕನ್ನ ಕೂದಲೆಳೆಗಿಂತ ಸಣ್ಣ ಅಳತೆಗೆ ಕೊರೆಯೋ ಯಂತ್ರ, ಅದಕ್ಕೆ ತುಂಡು ಎತ್ತಿಕೊಡೋಕೆ ಇನ್ನೊಂದು ಯಂತ್ರದ ತೋಳು. ಬಿಸಿಲೇರಿದ್ರೆ ಉಕ್ಕು ಹಿಗ್ಗಿ ಅಳತೆ ತಪ್ಪುತ್ತಂತೆ, ಅದಕ್ಕೇ ಕೊಯಮತ್ತೂರು ಬಿಟ್ಟು ನಮ್ಮ ನೀಲಗಿರಿ ಬೆಟ್ಟದ ಚಳಿಗೆ ತಂದಿದ್ದ. ರಾತ್ರಿಯೆಲ್ಲ ಕತ್ತಲಲ್ಲೇ ಓಡೋದು. ಯಂತ್ರಕ್ಯಾಕೆ ದೀಪ?

ಸುತ್ತ ನೆಲದ ಮೇಲೆ ಹಳದಿ ಗೆರೆ. ಗೆರೆಯೊಳಗೆ ಯಾರಾದ್ರೂ ಕಾಲಿಟ್ರೆ ಅಲ್ಲಿರೋ ಸೆನ್ಸರ್ ಕಣ್ಣೊಂದು ಕಂಡುಹಿಡಿದು ತೋಳನ್ನ ನಿಲ್ಲಿಸಿಬಿಡುತ್ತೆ. ಮತ್ತೆ ಶುರುಮಾಡೋ ಗುಂಡಿ ಬಾಗಿಲ ಹೊರಗಡೆ. ಒಳಗಿದ್ದವರಿಗೆ ಒತ್ತೋಕಾಗಲ್ಲ, ನೆನಪಿಟ್ಕೊಳ್ಳಿ.

ಮೊದಲನೇ ದಿನ ನೋಡೋಕೆ ಪ್ರೊಫೆಸರುಗಳು ಬಂದ್ರು. ನಮ್ಮ ಹೆತ್ತೆಗೆ ಹೇಗೋ ಗೊತ್ತಾಯ್ತು. ಹೆತ್ತೆ ಅಂದ್ರೆ ಅಜ್ಜಿ, ಕಾಳಮ್ಮ. ತಾಯಿಯಿಲ್ಲದ ಯೋಗೇಶನ್ನ ಬೆನ್ನಿಗೆ ಕಟ್ಕೊಂಡು ಟೀ ಎಲೆ ಕಿತ್ತು ಸಾಕಿದವಳು. ನಮ್ಮಲ್ಲಿ ಒಳ್ಳೆ ಕೆಲಸ ಶುರುಮಾಡುವಾಗ ಚಿಕ್ಕವರು ತಲೆ ಬಗ್ಗಿಸಬೇಕು, ದೊಡ್ಡವರು ನೆತ್ತಿ ಮೇಲೆ ಅಂಗೈ ಇಟ್ಟು "ಒಳ್ಳಿತಾಗಲಿ" ಅನ್ನಬೇಕು. ಈ ಪುಣ್ಯಾತ್ಮ ಕರೆದಿರಲಿಲ್ಲ. ಅವಳೇ ಇಳಿದು ಬಂದ್ಲು. ತೋಟದ ಮಣ್ಣಿನ ಕಾಲು, ನಮ್ಮ ಹೆಂಗಸರು ಉಡೋ ಬಿಳಿ ಮುಂಡು... ಗೆರೆ ದಾಟಿ ನಿಂತು ಕೈ ಎತ್ತಿದ್ಲು.

ಟಕ್. ಯಂತ್ರ ನಿಂತಿತು.

ಬಂದವರು ನಕ್ಕರು. ಯಾರಪ್ಪಾ ಇದು ಅಂತ ಒಬ್ಬರು ಕೇಳಿದ್ರು. ಇವನು ಅವಳ ಮುಖ ನೋಡಲಿಲ್ಲ.

"ಯಾರೂ ಅಲ್ಲ ಸಾರ್" ಅಂದ.

ತಮಿಳಲ್ಲಿ ಅಂದ. ಅವಳಿಗೆ ತಮಿಳು ಬರಲ್ವಾ? ಎತ್ತಿದ ಕೈಯನ್ನ ಮುಂಡಿಗೆ ಒರೆಸ್ಕೊಂಡು ಹೊರಟುಹೋದ್ಲು. ಅದೇ ವಾರ ನಿದ್ದೆಯಲ್ಲೇ ತೀರ್ಕೊಂಡ್ಲು. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಹೆಣದ ಮುಂದೆ ಇವನು ಎಷ್ಟು ತಲೆ ಬಗ್ಗಿಸಿದ್ರೂ ಕೈ ಇಡೋರು ಯಾರು? ನನಗೇ ನಾಚಿಕೆಯಾಗ್ತಿತ್ತು ಅವನನ್ನ ನೋಡೋಕೆ.

ಆಮೇಲೆ ಶುರುವಾಯ್ತು.

ಒಂದಿಡೀ ರಾತ್ರಿ, ಒಳಗೆ ಒಬ್ಬ ಮನುಷ್ಯನೂ ಇಲ್ದೆ, ಯಂತ್ರ ಓಡಬೇಕು. ಓಡಿದ್ರೆ ಪದವಿ, ಇಲ್ದಿದ್ರೆ ಅಷ್ಟು ವರ್ಷ ಓದಿದ್ದು ಮಣ್ಣು. ಇವನು ಹೊರಗಿನ ಕೋಣೆಯಲ್ಲಿ ಕಂಪ್ಯೂಟರ್ ಪರದೆ ನೋಡ್ತಾ ಕೂರೋನು. ಝುಂ... ಅಂತ ಓಡ್ತಿರೋದು ದಿನಾ ನಡುರಾತ್ರಿಗೆ ಟಕ್ ಅಂತ ನಿಲ್ಲೋದು. ಒಳಗೆ ಯಾರೋ ಇದ್ದಾರೆ ಅಂತ ಪರದೆ ತೋರಿಸೋದು. ಟಾರ್ಚ್ ಹಾಕಿ ನೋಡಿದ್ರೆ ಯಾರೂ ಇಲ್ಲ. ಹೆಗ್ಗಣ ಇರಬೇಕು ಅಂದ್ಕೊಂಡ. ಕಣ್ಣು ಕೆಟ್ಟಿರಬೇಕು ಅಂತ ಅದನ್ನೂ ಬದಲಾಯಿಸಿದ. ಮತ್ತೆ ಅದೇ.

ಕೊನೆಗೆ ಪ್ರೊಫೆಸರು ಇದೊಂದು ರಾತ್ರಿ ನೋಡೋಣ, ಬೆಳಿಗ್ಗೆ ಬರ್ತೀನಿ ಅಂದ್ರು. ಅವತ್ತು ಯಂತ್ರ ಶುರುವಾಗ್ತಿದ್ದ ಹಾಗೇ ನಿಂತಿತು. ಯೋಗೇಶ ಈ ಸಲ ಟಾರ್ಚ್ ತಗೊಳ್ಳಲಿಲ್ಲ. ಕತ್ತಲಲ್ಲೇ ಗೆರೆ ದಾಟಿದ. ಯಂತ್ರದಿಂದ ಎಣ್ಣೆನೀರು ತೊಟ್... ತೊಟ್... ಅಂತ ತೊಟ್ಟಿಕ್ಕುತ್ತಿತ್ತು. ಹಸಿ ಟೀ ಎಲೆಯ ವಾಸನೆ.

"ಹೆತ್ತೆ..." ಅಂದ ಪಿಸುದನಿಯಲ್ಲಿ. ತಲೆ ಬಗ್ಗಿಸಿ ನಿಂತ.

ಕಾದ... ಕಾದ... ಕೈ ಬರಲಿಲ್ಲ.

ಪಕ್ಕದಲ್ಲೇ ಬಟ್ಟೆ ಸರ್... ಅಂತ ಸರಿದು ಹೋಯ್ತು. ಬರಿಗಾಲಿನ ಸದ್ದು ಬಾಗಿಲ ಕಡೆಗೆ. ಆಮೇಲೆ ಹೊರಗಡೆಯಿಂದ... ಟಕ್.

ಯಂತ್ರ ಶುರುವಾಯ್ತು.

ಇವನು ಒಳಗೇ ಇದ್ದಾನೆ! ತೋಳು ಉಕ್ಕಿನ ತುಂಡು ಹಿಡ್ಕೊಂಡು ಇವನ ಕಿವಿ ಸವರಿ ಹೋಯ್ತು. ಕೂಗಿದ, ಆ ಕಣ್ಣಿನ ಮುಂದೆ ಎರಡೂ ಕೈ ಆಡಿಸಿದ. ಅದರ ಹಸಿರು ದೀಪ ಕೆಂಪಾಗದೆ ಹಸಿರಾಗೇ ಇತ್ತು. ಅದರ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ. ನೆಲಕ್ಕೆ ಹಣೆ ಹಚ್ಚಿ ಬಿದ್ಕೊಂಡ. ಬೆಳಗಾಗೋ ತನಕ ತೋಳು ಅವನ ನೆತ್ತಿ ಮೇಲೇ ಹೋಗ್ತಿತ್ತು, ಬರ್ತಿತ್ತು. ತಲೆ ಎತ್ತೋ ಹಾಗಿರಲಿಲ್ಲ.

ಕೆಲಸ ಮುಗಿದು ಯಂತ್ರ ನಿಂತ ಮೇಲೆ ತೆವಳಿ ಹೊರಬಂದ. ಪ್ರೊಫೆಸರು ಬಂದು ಎಲ್ಲ ತಿರುಗಿಸಿ ನೋಡಿದ್ರು. ರಾತ್ರಿಯಿಡೀ ಒಳಗೆ ಒಬ್ಬ ಮನುಷ್ಯನೂ ಇರಲಿಲ್ಲ ಅಂತಲೇ ಯಂತ್ರ ಬರ್ಕೊಂಡಿತ್ತು. ಬೆನ್ನು ತಟ್ಟಿ ಕೈ ಕುಲುಕಿದ್ರು. ಡಾಕ್ಟರ್ ಯೋಗೇಶ್ ಅಂತ ಊರಲ್ಲಿ ಬೋರ್ಡೂ ಹಾಕಿದ್ರು. ಅದರ ಕೆಳಗೆ ನಡೆಯುವಾಗ ಅವನ ಮುಖ ನೋಡಬೇಕಿತ್ತು ನೀವು.

ದೆವ್ವ ಭೂತ ಅಂದ್ರೆ ನಾನೂ ನಗೋಳೇ. ಆದ್ರೆ ಹೋದ ತಿಂಗಳು ಕೊಯಮತ್ತೂರಿನ ಬಟ್ಟೆ ಅಂಗಡಿಗೆ ಹೋಗಿದ್ವಿ. ತಾನಾಗಿ ತೆರೆಯೋ ಗಾಜಿನ ಬಾಗಿಲು. ಯೋಗೇಶ ಅದರ ಮುಂದೆ ನಿಂತ. ತೆರೆಯಲಿಲ್ಲ. ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಹೋದ. ಊಹೂಂ. ನಾಚ್ಕೊಂಡು ಪಕ್ಕಕ್ಕೆ ಸರಿದು, "ಸರಣ್ಯಕ್ಕಾ, ನೀ ಮುಂದೆ ಹೋಗು" ಅಂದ, ಅಭ್ಯಾಸ ಆದವನ ಹಾಗೆ.

ನನ್ನ ಕಣ್ಣಾರೆ ಕಂಡಿದ್ದು ಇದು. ನಾನು ಕಾಲಿಟ್ಟ ಕೂಡಲೇ ಬಾಗಿಲು ತೆರೀತು.