ಕರ್ನಲ್ಲರ ಬಲಗೈ

ಓಸ್ಲೋದ ಟ್ರಾಮಿನಲ್ಲಿ ನನ್ನ ಮುಂದೆ ಕರ್ನಲ್ ಟೋರ್ಲೈಫ್ ಹೆಂಡತಿಯೊಡನೆ ಕೂತಿದ್ದರು. ಸೈನ್ಯ ಬಿಟ್ಟು ಈ ವಸಂತದಲ್ಲಷ್ಟೇ ದೇಶದ ಫುಟ್‌ಬಾಲ್ ಸಂಘಕ್ಕೆ ಅಧ್ಯಕ್ಷರಾದವರು.

“ರೀ, ಇವತ್ತಿನ ಮ್ಯಾಚಲ್ಲಾದ್ರೂ ಹೋದ್ಸಲದ ಹಾಗೆ ರಾಷ್ಟ್ರಗೀತೆಗೆ ಸೆಲ್ಯೂಟ್ ಹೊಡೀಬೇಡಿ.”

“ಬೇಕಂತ ಹೊಡೆದ್ನೇನೆ, ಸಿಗ್ರಿ? ಕೈ ತಾನಾಗೇ ಹೋಯ್ತು.”

“ಟೋಪಿ ಇಲ್ದೆ ಸೆಲ್ಯೂಟ್ ಹೊಡೀಬಾರ್ದು ಅಂತ ಸೈನ್ಯದಲ್ಲೇ ನಿಯಮ ಇದೆ, ನಿಮ್ಮ ತಲೆ ಮೇಲೆ ಟೋಪೀನೂ ಇರ್ಲಿಲ್ಲ! ಟೀವೀಲಿ ನೋಡಿ ಊರೆಲ್ಲ ನಕ್ಕಿತು.”

“ಆಟಗಾರರೂ ನಕ್ಕರು. ಇನ್ನೊಂದ್ಸಲ ಹಾಗಾದ್ರೆ ನನ್ನ ಮಾತು ಯಾರು ಕೇಳ್ತಾರೆ?”

“ಹಾಗಾದ್ರೆ ಬಲಗೈ ಇಲ್ಲಿ ಕೊಡಿ. ಹಾಡು ಮುಗಿಯೋವರೆಗೂ ಬಿಡಲ್ಲ.”

“ಅಧ್ಯಕ್ಷ ಆದೋನು ಹೆಂಡ್ತಿ ಕೈ ಹಿಡ್ಕೊಂಡು ನಿಲ್ಲೋದಾ?”

“ಇಷ್ಟು ವರ್ಷ ಸೈನ್ಯ ಹಿಡ್ಕೊಂಡಿತ್ತಲ್ಲ, ನಾನೇನಾದ್ರೂ ಅಂದ್ನಾ?”

ಕ್ರೀಡಾಂಗಣ ಬಂತು. ಇಬ್ಬರೂ ಕೈ ಹಿಡಿದೇ ಇಳಿದರು. ಗೇಟಿನಲ್ಲಿದ್ದ ಹಳೆಯ ಸೈನಿಕನೊಬ್ಬ ಗುರುತು ಹಿಡಿದು ಸೆಲ್ಯೂಟ್ ಹೊಡೆದ. ಹೆಣೆದುಕೊಂಡಿದ್ದ ಎರಡು ಕೈಗಳೂ ಒಟ್ಟಿಗೆ ಮೇಲೆದ್ದವು.